ನಿಸ್ತಂತು ಮೆಶ್ ಜಾಲ: ಗೇಟ್‌ವೇ ಎಲ್ಲಿರಬೇಕು?

50,000 ರೂಪಾಯಿಗೂ ಹೆಚ್ಚಿನ ಮೌಲ್ಯದ ಸರಕು ಇ-ವೇ ಬಿಲ್ ಇಲ್ಲದೆ ಸಾಮಾನ್ಯವಾಗಿ ಕಾರ್ಖಾನೆಯ ಗೇಟು ದಾಟುವಂತಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳು ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಹೀಗಾಗಿ ಅಂತರಜಾಲವು ಕಚೇರಿಯ ಮೇಜಿಗೆ ಸೀಮಿತವಾದ ಸೌಲಭ್ಯವಾಗಿ ಉಳಿದಿಲ್ಲ. ವೇಬ್ರಿಡ್ಜ್, ಗೋದಾಮು, ಪ್ಯಾಕಿಂಗ್ ವಿಭಾಗ, ಗೇಟಿನ ಕಾವಲು ಕೊಠಡಿ ಇವೆಲ್ಲಕ್ಕೂ ಅದು ಬೇಕಾಗಿದೆ. ಸಂಪರ್ಕ ಕಡಿದ ಕಾರಣ ಸರಕು ಹೇರಿದ ಲಾರಿಯು ಒಂದು ತಾಸು ಆವರಣದಲ್ಲೇ ನಿಂತರೆ ಆಗುವ ನಷ್ಟ ಎಷ್ಟೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಗತ್ಯವನ್ನು ಪೂರೈಸಲು ಅನೇಕರು ಈಗ ಮೆಶ್ ಎಂಬ ನಿಸ್ತಂತು ವ್ಯವಸ್ಥೆಯತ್ತ ಒಲಿಯುತ್ತಿದ್ದಾರೆ. ಅಂಗಡಿಯಿಂದ ಮೂರೋ ಐದೋ ಪೆಟ್ಟಿಗೆಗಳನ್ನು ತಂದು ಆವರಣದ ಉದ್ದಕ್ಕೂ ಗೋಡೆಗೆ ತಗುಲಿಸಿದರೆ ಕೆಲಸ ಮುಗಿಯಿತೆಂಬುದು ಸಾಮಾನ್ಯ ತಿಳಿವಳಿಕೆ. ಕೆಲವೇ ದಿನಗಳಲ್ಲಿ ವೇಬ್ರಿಡ್ಜ್‌ನಿಂದ ದೂರು ಬರುತ್ತದೆ. ಆಗ ಇನ್ನೊಂದು ಪೆಟ್ಟಿಗೆ ಸೇರಿಸಲಾಗುತ್ತದೆ. ವೇಗ ಮತ್ತಷ್ಟು ಕುಗ್ಗುತ್ತದೆ. ಬಳಿಕ ಹೆಚ್ಚಿನ ವೇಗದ ಯೋಜನೆಗೆ ಹಣ ಕಟ್ಟಲಾಗುತ್ತದೆ. ಆದರೂ ಸುಧಾರಣೆ ಕಾಣುವುದಿಲ್ಲ. ಇಂತಹ ಬಹುತೇಕ ಪ್ರಸಂಗಗಳಲ್ಲಿ ದೋಷವಿರುವುದು ಪೆಟ್ಟಿಗೆಯಲ್ಲಿಯೂ ಅಲ್ಲ, ಯೋಜನೆಯಲ್ಲಿಯೂ ಅಲ್ಲ. ಹೊರಗಿನ ಅಂತರಜಾಲವು ಒಳಗಿನ ಜಾಲಕ್ಕೆ ಪ್ರವೇಶಿಸುವ ಸ್ಥಾನದ ಆಯ್ಕೆಯಲ್ಲಿ ಅದು ಅಡಗಿರುತ್ತದೆ. ಆ ಸ್ಥಾನವನ್ನೇ ಗೇಟ್‌ವೇ ಎಂದು ಕರೆಯಲಾಗುತ್ತದೆ.

ಕೈಯಿಂದ ಕೈಗೆ

ಮೆಶ್ ಜಾಲದಲ್ಲಿ ಪ್ರತಿಯೊಂದು ಪೆಟ್ಟಿಗೆಯೂ, ಅಂದರೆ ನೋಡ್, ಎರಡು ಕೆಲಸ ಮಾಡುತ್ತದೆ. ತನ್ನ ಸುತ್ತಲಿನ ಮೊಬೈಲು, ಕಂಪ್ಯೂಟರುಗಳಿಗೆ ಸಂಪರ್ಕ ನೀಡುವುದು ಒಂದು. ನೆರೆಯ ನೋಡ್‌ಗಳ ಮಾಹಿತಿಯನ್ನು ಮುಂದಕ್ಕೆ ಸಾಗಿಸುವುದು ಇನ್ನೊಂದು. ಕಟ್ಟಡ ಕಟ್ಟುವಾಗ ಸಾಲಾಗಿ ನಿಂತ ಕೂಲಿಗಳು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಮಾಹಿತಿಯ ಪ್ಯಾಕೆಟ್ಟುಗಳು ನೋಡ್‌ನಿಂದ ನೋಡ್‌ಗೆ ಜಿಗಿಯುತ್ತ ಕೊನೆಗೆ ಗೇಟ್‌ವೇ ತಲುಪುತ್ತವೆ. ಗೇಟ್‌ವೇ ಎಂದರೆ ಫೈಬರ್ ಅಥವಾ ಇತರ ತಂತಿಯ ಮೂಲಕ ಹೊರಜಗತ್ತಿಗೆ ಸೇರಿಕೊಂಡಿರುವ ನೋಡ್. ಒಂದು ನೋಡ್ ಕೆಟ್ಟರೆ ಪ್ಯಾಕೆಟ್ಟುಗಳು ಬೇರೆ ದಾರಿ ಹುಡುಕಿಕೊಳ್ಳುವುದು ಮೆಶ್‌ನ ವೈಶಿಷ್ಟ್ಯ. ಆದರೆ ಇರುವ ಒಂದೇ ಗೇಟ್‌ವೇ ಕೆಟ್ಟರೆ ಹುಡುಕಲು ಬೇರೆ ದಾರಿಯೇ ಇರುವುದಿಲ್ಲ.

ಇಟ್ಟಿಗೆಯ ಹೋಲಿಕೆ ಒಂದು ಮುಖ್ಯ ಅಂಶದಲ್ಲಿ ಸೋಲುತ್ತದೆ. ಸಾಲಿನ ಕೂಲಿಗಳೆಲ್ಲರೂ ಏಕಕಾಲಕ್ಕೆ ಕೈ ಆಡಿಸಬಲ್ಲರು. ಒಂದೇ ರೇಡಿಯೋ ಇರುವ ನೋಡ್‌ಗಳಿಗೆ ಅದು ಸಾಧ್ಯವಿಲ್ಲ. ಒಂದೇ ಚಾನೆಲ್‌ನಲ್ಲಿ ಒಂದು ನೋಡ್ ಮಾತನಾಡುತ್ತಿರುವಾಗ ಅದರ ದನಿ ತಲುಪುವ ಇತರೆಲ್ಲ ನೋಡ್‌ಗಳೂ ಮೌನ ವಹಿಸಬೇಕು. ದೂರದ ನೋಡ್‌ಗೆ ಆ ಮಾತು ಅರ್ಥವಾಗುವಷ್ಟು ಸ್ಪಷ್ಟವಾಗಿ ಕೇಳಿಸದಿದ್ದರೂ ಗದ್ದಲವಾಗಿ ತಲುಪಿ ಅದರ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಎರಡು ಜಿಗಿತಗಳಲ್ಲಿ ಸಾಗುವ ಪ್ಯಾಕೆಟ್ಟು ಗಾಳಿಯ ಸಮಯವನ್ನು ಎರಡು ಪಟ್ಟು, ಮೂರು ಜಿಗಿತಗಳಲ್ಲಿ ಸಾಗುವುದು ಮೂರು ಪಟ್ಟು ಬಳಸುತ್ತದೆ. ಉದ್ದನೆಯ ಸರಪಳಿಯೊಂದರಲ್ಲಿ ಆದರ್ಶ ಸ್ಥಿತಿಯಲ್ಲಿಯೂ ಒಂದು ಕೊಂಡಿಯ ಸಾಮರ್ಥ್ಯದ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ದಕ್ಕಬಲ್ಲದು, ಅಂದಿನ ವೈಫೈ ನಿಯಮಗಳಡಿ ಅದು ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಅಮೆರಿಕದ ಎಂ.ಐ.ಟಿ. ಸಂಶೋಧಕರು 2001ರಲ್ಲಿಯೇ ತೋರಿಸಿಕೊಟ್ಟಿದ್ದರು.

ಹತ್ತು, ಆರು, ಮೂರು

ಕಾಗದದ ಮೇಲೆ ಒಂದು ಸರಳ ಲೆಕ್ಕ ಹಾಕಿ ನೋಡಬಹುದಾಗಿದೆ. ಉದ್ದನೆಯ ನಿವೇಶನವೊಂದರಲ್ಲಿ ಕಚೇರಿ, ಯಂತ್ರಗಳ ಶೆಡ್ಡು, ಪ್ಯಾಕಿಂಗ್ ವಿಭಾಗ, ಗೋದಾಮು, ವೇಬ್ರಿಡ್ಜ್ ಎಂಬ ಐದು ಸ್ಥಳಗಳು ಇದೇ ಕ್ರಮದಲ್ಲಿ ಸಾಲಾಗಿ ಇವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ನೋಡ್ ತನ್ನ ಪಕ್ಕದ ನೋಡ್‌ನೊಂದಿಗೆ ಮಾತ್ರ ಚೆನ್ನಾಗಿ ಮಾತನಾಡಬಲ್ಲದು, ಆದರೆ ಎಲ್ಲರ ಗದ್ದಲವೂ ಎಲ್ಲರಿಗೂ ತಲುಪುತ್ತದೆ. ಒಂದು ಕೊಂಡಿಯ ನಿಜವಾದ ಸಾಮರ್ಥ್ಯ ಸೆಕೆಂಡಿಗೆ 40 ಮೆಗಾಬಿಟ್.

ಫೈಬರ್ ಕಂಪನಿಯ ಕೆಲಸಗಾರರು ತಮ್ಮ ತಂತಿಯನ್ನು ತಂದು ನಿಲ್ಲಿಸುವುದು ಸಾಮಾನ್ಯವಾಗಿ ಕಚೇರಿಯಲ್ಲಿ. ಗೇಟ್‌ವೇ ಕೂಡ ಅಲ್ಲಿಯೇ ನೆಲೆಗೊಳ್ಳುತ್ತದೆ. ಆಗ ಉಳಿದ ನಾಲ್ಕು ಸ್ಥಳಗಳಿಂದ ಗೇಟ್‌ವೇಗೆ ಇರುವ ಜಿಗಿತಗಳು ಕ್ರಮವಾಗಿ 1, 2, 3 ಮತ್ತು 4, ಒಟ್ಟು 10. ನಾಲ್ವರಿಗೂ ಸಮಪಾಲು ಕೊಡಬೇಕೆಂದರೆ ತಲಾ 4 ಮೆಗಾಬಿಟ್ ಮಾತ್ರ ಸಿಗುತ್ತದೆ. ಅಂದರೆ ಕಚೇರಿಯ ಹೊರಗಿನ ಇಡೀ ಆವರಣ ಬಳಸಬಲ್ಲದ್ದು 16 ಮೆಗಾಬಿಟ್. ಮಾಲೀಕರು 100 ಮೆಗಾಬಿಟ್ ಯೋಜನೆಯ ಬದಲು 300 ಮೆಗಾಬಿಟ್ ಯೋಜನೆಗೆ ಹಣ ತೆತ್ತರೂ ಈ 16 ಎಂಬ ಅಂಕಿ ಅಲುಗುವುದಿಲ್ಲ.

ಈಗ ಕಚೇರಿಯಿಂದ ಪ್ಯಾಕಿಂಗ್ ವಿಭಾಗದವರೆಗೆ ತಂತಿ ಎಳೆದು ಗೇಟ್‌ವೇಯನ್ನು ನಡುವಿಗೆ ಸ್ಥಳಾಂತರಿಸಿದರೆ ಜಿಗಿತಗಳು 2, 1, 1, 2, ಒಟ್ಟು 6. ತಲಾ ಪಾಲು ಸುಮಾರು 6.7 ಮೆಗಾಬಿಟ್‌ಗೆ ಏರುತ್ತದೆ. ಹೊಸ ಪೆಟ್ಟಿಗೆ ಕೊಂಡಿಲ್ಲ, ಯೋಜನೆ ಬದಲಿಸಿಲ್ಲ. ಇನ್ನೂ ಮುಂದೆ ಹೋಗಿ ಶೆಡ್ಡಿಗೊಂದು, ಗೋದಾಮಿಗೊಂದು ತಂತಿ ಎಳೆದು ಎರಡು ಗೇಟ್‌ವೇಗಳನ್ನು ಮಾಡಿದರೆ ಉಳಿದ ಮೂರೂ ಸ್ಥಳಗಳು ಒಂದೇ ಜಿಗಿತದ ದೂರದಲ್ಲಿರುತ್ತವೆ. ಒಟ್ಟು 3, ತಲಾ ಪಾಲು 13 ಮೆಗಾಬಿಟ್‌ಗೂ ಮೇಲು. ಹತ್ತು, ಆರು, ಮೂರು ಎಂಬ ಈ ಇಳಿಕೆಯಲ್ಲಿಯೇ ಗೇಟ್‌ವೇ ಆಯ್ಕೆಯ ಬಹುಪಾಲು ಶಾಸ್ತ್ರ ಅಡಗಿದೆ.

ಈ ಲೆಕ್ಕದಲ್ಲಿ ಸಮಪಾಲು ಎಂದು ಭಾವಿಸಲಾಗಿದೆ; ವಾಸ್ತವದಲ್ಲಿ ಹಾಗಾಗುವುದಿಲ್ಲ. ನಾಲೆಯ ಮೇಲ್ಭಾಗದ ರೈತರು ನೀರು ಹಾಯಿಸಿಕೊಂಡ ನಂತರ ಉಳಿದದ್ದು ಕೊನೆಯ ಭಾಗದವರಿಗೆ ಎಂಬಂತೆ, ಗೇಟ್‌ವೇಗೆ ಹತ್ತಿರವಿರುವ ನೋಡ್‌ಗಳು ಗಾಳಿಯ ಸಮಯವನ್ನು ಹೆಚ್ಚಾಗಿ ಕಬಳಿಸುತ್ತವೆ. ಶೆಡ್ಡಿನಲ್ಲಿ ಯಾರೋ ವಿಡಿಯೋ ನೋಡುತ್ತಿದ್ದರೆ ವೇಬ್ರಿಡ್ಜ್‌ನಲ್ಲಿ ಬಿಲ್ ಮುದ್ರಣವಾಗದೆ ನಿಲ್ಲುವುದು ಇದರಿಂದ. ಅತ್ಯಂತ ಮುಖ್ಯವಾದ ಕೆಲಸ ನಡೆಯುವ ಸ್ಥಳವನ್ನು ಗೇಟ್‌ವೇಯಿಂದ ಅತ್ಯಂತ ದೂರದಲ್ಲಿ ಇರಿಸುವುದು ಎಷ್ಟು ಅವಿವೇಕವೋ, ಅಷ್ಟೇ ಸಾಮಾನ್ಯವೂ ಹೌದು. ಸರಾಸರಿ ದೂರವನ್ನಷ್ಟೇ ನೋಡದೆ, ಕೆಲಸ ನಿಂತರೆ ಹೆಚ್ಚು ನಷ್ಟವಾಗುವ ಸ್ಥಳಕ್ಕೆ ಹೆಚ್ಚಿನ ತೂಕ ಕೊಟ್ಟು ಲೆಕ್ಕ ಹಾಕುವುದು ಲೇಸು.

ರೂಫ್‌ನೆಟ್ ಕಲಿಸಿದ್ದು

ಈ ವಿಷಯದಲ್ಲಿ ಅಳೆದು ದಾಖಲಿಸಿದ ಅನುಭವವೆಂದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಎಂ.ಐ.ಟಿ. ಸಂಶೋಧಕರು ನಡೆಸಿದ ರೂಫ್‌ನೆಟ್ ಎಂಬ ಜಾಲದ್ದು. ಸ್ವಯಂಸೇವಕರ ಮನೆಗಳಲ್ಲಿ ನೋಡ್‌ಗಳನ್ನಿರಿಸಿ, ಸುಮಾರು 4 ಚದರ ಕಿಲೋಮೀಟರ್ ಪ್ರದೇಶದಲ್ಲಿ 37 ನೋಡ್‌ಗಳ ಜಾಲವನ್ನು ಅವರು ಹರಡಿದ್ದರು. ಅವುಗಳಲ್ಲಿ 4 ಮಾತ್ರ ಗೇಟ್‌ವೇಗಳಾಗಿದ್ದವು. 2005ರಲ್ಲಿ ಪ್ರಕಟವಾದ ಅವರ ಅಳತೆಗಳ ಪ್ರಕಾರ ಗೇಟ್‌ವೇಯಿಂದ ಒಂದು ಜಿಗಿತದ ದೂರದಲ್ಲಿದ್ದ ನೋಡ್‌ಗಳಿಗೆ ಸರಾಸರಿ ಸೆಕೆಂಡಿಗೆ ಸುಮಾರು 2,750 ಕಿಲೋಬಿಟ್ ದೊರೆಯುತ್ತಿತ್ತು. ಎರಡನೆಯ ಜಿಗಿತಕ್ಕೆ ಅದು ಸುಮಾರು 940ಕ್ಕೆ, ಮೂರಕ್ಕೆ 550ಕ್ಕೆ, ನಾಲ್ಕಕ್ಕೆ 380ಕ್ಕೆ ಇಳಿಯುತ್ತಿತ್ತು. ಅಂದಿನ ಉಪಕರಣಗಳ ವೇಗ ಇಂದಿನವರಿಗೆ ನಗೆ ತರಿಸಬಹುದು. ಆದರೆ ಇಳಿಕೆಯ ರೀತಿ ಗಮನಾರ್ಹ. ಕಾಗದದ ಲೆಕ್ಕ ಅರ್ಧವಾಗಬೇಕೆಂದರೆ ಅಲ್ಲಿ ಮೂರನೆಯ ಒಂದು ಭಾಗವಾಗಿತ್ತು.

ಅದೇ ತಂಡವು ಇನ್ನೊಂದು ಲೆಕ್ಕವನ್ನೂ ಮಾಡಿತು. ಪ್ಯಾಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವ ವ್ಯವಸ್ಥೆಯೇ ಇಲ್ಲದೆ, ಪ್ರತಿ ನೋಡ್ ನೇರವಾಗಿ ಒಂದು ಗೇಟ್‌ವೇಯನ್ನು ಮುಟ್ಟಲೇಬೇಕೆಂದಾದರೆ ಎಷ್ಟು ಗೇಟ್‌ವೇಗಳು ಬೇಕಾದೀತು? ಅತ್ಯುತ್ತಮ ಸ್ಥಾನಗಳನ್ನು ಆರಿಸಿದರೆ 5 ಸಾಕು. ಕಣ್ಣು ಮುಚ್ಚಿ ಆರಿಸಿದರೆ ಸುಮಾರು 25 ಬೇಕು. ಐದು ಪಟ್ಟು ವ್ಯತ್ಯಾಸ! ಪ್ರತಿ ಗೇಟ್‌ವೇಗೂ ಪ್ರತ್ಯೇಕ ತಂತಿ, ಮಾಸಿಕ ಬಾಡಿಗೆ ಇರುವುದನ್ನು ನೆನೆದರೆ ಈ ವ್ಯತ್ಯಾಸದ ಬೆಲೆ ಸ್ಪಷ್ಟವಾಗುತ್ತದೆ. ಈ ಸಂಶೋಧನೆಯ ಬೆನ್ನಿಗೇ ಅದರಲ್ಲಿ ತೊಡಗಿದ್ದವರು ಮೆರಾಕಿ ಎಂಬ ಕಂಪನಿಯನ್ನು 2006ರಲ್ಲಿ ಸ್ಥಾಪಿಸಿದರು. 2012ರಲ್ಲಿ ಸಿಸ್ಕೋ ಅದನ್ನು ಸುಮಾರು 120 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮಾಳಿಗೆಯ ಮೇಲಿನ ಪ್ರಯೋಗಕ್ಕೆ ಇದು ಕಡಿಮೆ ಬೆಲೆಯೇನಲ್ಲ.

ಭಾರತದಲ್ಲಿಯೂ ಉದಾಹರಣೆ ಇದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಹೊರಾಂಗಣದಲ್ಲಿ ಪರವಾನಗಿಯಿಲ್ಲದೆ ಬಳಸಲು 2005ರ ಜನವರಿ ಅಂತ್ಯದಲ್ಲಿ ಅನುಮತಿ ದೊರೆತ ಕೂಡಲೇ ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಮೆಶ್ ಜಾಲವೊಂದು ತಲೆಯೆತ್ತಿತು. ಫೆಬ್ರವರಿ ಅಂತ್ಯದ ಹೊತ್ತಿಗೆ 8 ಆವರಣಗಳು ಅದರಲ್ಲಿ ಸೇರಿದ್ದವು. ಬೆಟ್ಟಗಳು ನೇರ ದೃಷ್ಟಿಗೆ ಅಡ್ಡ ಬರುವ ಆ ಪ್ರದೇಶದಲ್ಲಿ, ವಿದ್ಯುತ್ತು ಎಂದು ಬರುವುದೋ ಹೋಗುವುದೋ ತಿಳಿಯದ ಸ್ಥಿತಿಯಲ್ಲಿ ಮೆಶ್ ಚೆನ್ನಾಗಿ ಒಗ್ಗಿತು. ಮುಂದೆ ಅದು 30ಕ್ಕೂ ಹೆಚ್ಚು ನೋಡ್‌ಗಳಿಗೂ 2,000ಕ್ಕೂ ಹೆಚ್ಚು ಕಂಪ್ಯೂಟರುಗಳಿಗೂ ಬೆಳೆಯಿತು. ಹೊರಜಗತ್ತಿಗೆ ಇದ್ದ ಒಟ್ಟು ಸಂಪರ್ಕ ಸೆಕೆಂಡಿಗೆ 6 ಮೆಗಾಬಿಟ್. ನೋಡ್‌ಗಳೆಲ್ಲವೂ ಒಂದೇ ಚಾನೆಲ್ ಹಂಚಿಕೊಂಡಿದ್ದವು. ಹಾಗೆಯೇ ಮುಂದುವರಿದರೆ ಜಾಲ ಬೆಳೆಯಲಾರದೆಂದು ಅರಿತ ನಿರ್ವಾಹಕರು ಒಂದಕ್ಕಿಂತ ಹೆಚ್ಚು ಚಾನೆಲ್ ಬಳಸುವ ರೂಟರುಗಳ ಪ್ರಯೋಗಕ್ಕೆ ಕೈಹಾಕಿದ್ದರು.

ಇಂದು ಮಾರುಕಟ್ಟೆಯಲ್ಲಿ ಎರಡು ಅಥವಾ ಮೂರು ರೇಡಿಯೋಗಳಿರುವ ಪೆಟ್ಟಿಗೆಗಳು ಸುಲಭವಾಗಿ ಸಿಗುತ್ತವೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತಾರವಾದ ಭಾಗವೂ ಪರವಾನಗಿಮುಕ್ತವಾಯಿತು. ಒಂದು ರೇಡಿಯೋವನ್ನು ನೋಡ್‌ಗಳ ನಡುವಣ ಸಾಗಣೆಗೇ ಮೀಸಲಿಟ್ಟರೆ ಬಳಕೆದಾರರ ಗದ್ದಲದಿಂದ ಅದಕ್ಕೆ ಮುಕ್ತಿ ದೊರೆಯುತ್ತದೆ. ಆದರೆ ಮೀಸಲಿಟ್ಟ ಆ ರೇಡಿಯೋ ಕೂಡ ಎಲ್ಲ ನೋಡ್‌ಗಳಲ್ಲೂ ಒಂದೇ ಚಾನೆಲ್‌ನಲ್ಲಿರುವವರೆಗೆ ಹತ್ತು, ಆರು, ಮೂರರ ಲೆಕ್ಕ ತಪ್ಪುವುದಿಲ್ಲ. ದುಬಾರಿ ಪೆಟ್ಟಿಗೆಯು ತಪ್ಪು ಸ್ಥಾನದ ಪರಿಣಾಮವನ್ನು ಕಡಿಮೆ ಮಾಡಬಲ್ಲದೇ ಹೊರತು ಇಲ್ಲವಾಗಿಸಲಾರದು.

ಎರಡು ಗೇಟ್‌ವೇ ಇದ್ದಾಗ

ಒಂದಕ್ಕಿಂತ ಹೆಚ್ಚು ಗೇಟ್‌ವೇಗಳಿದ್ದಾಗ ಪ್ರತಿಯೊಂದು ನೋಡ್ ತನಗೆ ಯಾವುದು ಎಂದು ಆರಿಸಿಕೊಳ್ಳಬೇಕಾಗುತ್ತದೆ. ಈ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ; ಆದರೆ ಅದು ಯಾವ ನಿಯಮದಿಂದ ಮಾಡುತ್ತದೆಂಬುದನ್ನು ಕೊಳ್ಳುವವರು ವಿಚಾರಿಸಿಕೊಳ್ಳಬೇಕು.

ಕಡಿಮೆ ಜಿಗಿತಗಳ ಗೇಟ್‌ವೇಯನ್ನು ಆರಿಸುವುದು ಅತ್ಯಂತ ಸರಳವಾದ ನಿಯಮ, ಹಾಗೂ ಹಲವು ಬಾರಿ ತಪ್ಪಾದ ನಿಯಮ. 2003ರಲ್ಲಿ ಎಂ.ಐ.ಟಿ.ಯವರೇ ರೂಪಿಸಿದ ಇಟಿಎಕ್ಸ್ ಎಂಬ ಅಳತೆಯು ಒಂದು ಪ್ಯಾಕೆಟ್ಟನ್ನು ಯಶಸ್ವಿಯಾಗಿ ತಲುಪಿಸಲು ಸರಾಸರಿ ಎಷ್ಟು ಬಾರಿ ಕಳುಹಿಸಬೇಕಾಗುತ್ತದೆ ಎಂದು ಎಣಿಸುತ್ತದೆ. ಹೋಗುವ ದಿಕ್ಕಿನಲ್ಲಿ ನೂರಕ್ಕೆ 50, ಸ್ವೀಕೃತಿ ಮರಳುವ ದಿಕ್ಕಿನಲ್ಲಿ ನೂರಕ್ಕೆ 50 ಪ್ಯಾಕೆಟ್ಟುಗಳು ಮಾತ್ರ ತಲುಪುವ ದುರ್ಬಲ ಕೊಂಡಿಯಲ್ಲಿ ಈ ಅಂಕಿ 4. ಎರಡೂ ದಿಕ್ಕಿನಲ್ಲಿ ನೂರಕ್ಕೆ 90 ತಲುಪುವ ಗಟ್ಟಿ ಕೊಂಡಿಯಲ್ಲಿ ಅದು 1.23, ಅಂತಹ ಎರಡು ಕೊಂಡಿಗಳು ಸೇರಿದರೂ 2.5ನ್ನು ಮುಟ್ಟುವುದಿಲ್ಲ. ಅಂದರೆ ಒಂದು ದುರ್ಬಲ ಜಿಗಿತಕ್ಕಿಂತ ಎರಡು ಗಟ್ಟಿ ಜಿಗಿತಗಳು ಮೇಲು. ಹತ್ತಿರದ ಗೇಟ್‌ವೇಯೇ ಒಳ್ಳೆಯ ಗೇಟ್‌ವೇ ಆಗಬೇಕೆಂದಿಲ್ಲ.

ಎರಡನೆಯ ತೊಡಕು ಚಂಚಲತೆಯದು. ಟೋಲ್ ನಾಕೆಯಲ್ಲಿ ಪಕ್ಕದ ಸಾಲು ಚಿಕ್ಕದಾಗಿ ಕಂಡು ಎಲ್ಲ ವಾಹನಗಳೂ ಅತ್ತ ನುಗ್ಗಿದರೆ ಮರುಕ್ಷಣವೇ ಅದು ಉದ್ದವಾಗುತ್ತದೆ. ನೋಡ್‌ಗಳೂ ಹಾಗೆಯೇ ಬಿಡುವಾದ ಗೇಟ್‌ವೇ ಕಂಡೊಡನೆ ಒಟ್ಟಾಗಿ ಅತ್ತ ಹೊರಳಿ, ಅದು ತುಂಬಿದೊಡನೆ ಮತ್ತೆ ಇತ್ತ ಹೊರಳುವ ಅಪಾಯವಿದೆ. ಹೊರಗಿನ ಜಗತ್ತಿಗೆ ಪ್ರತಿ ಗೇಟ್‌ವೇಗೂ ಬೇರೆ ವಿಳಾಸವಿರುವುದರಿಂದ, ನಡುವೆ ಗೇಟ್‌ವೇ ಬದಲಾದರೆ ಬ್ಯಾಂಕಿನ ಜಾಲತಾಣದಲ್ಲಿ ನಡೆಯುತ್ತಿದ್ದ ವ್ಯವಹಾರ ಅರ್ಧಕ್ಕೇ ಕಡಿಯಬಹುದು. ರೂಫ್‌ನೆಟ್‌ನಲ್ಲಿ ಆರಂಭಗೊಂಡ ಸಂಪರ್ಕಗಳನ್ನು ಹಳೆಯ ಗೇಟ್‌ವೇಯ ಮೂಲಕವೇ ಮುಗಿಸಿ, ಹೊಸ ಸಂಪರ್ಕಗಳನ್ನು ಮಾತ್ರ ಹೊಸ ಗೇಟ್‌ವೇಗೆ ಕಳುಹಿಸುವ ವ್ಯವಸ್ಥೆಯಿತ್ತು. ಜರ್ಮನಿಯ ಸಮುದಾಯ ಜಾಲಗಳಿಂದ ಬೆಳೆದುಬಂದು 2011ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರ್ಪಡೆಯಾದ ಬ್ಯಾಟ್‌ಮನ್ ಎಂಬ ಮೆಶ್ ತಂತ್ರಾಂಶದಲ್ಲಿ, 255 ಅಂಕಗಳ ಗುಣಮಾಪನದಲ್ಲಿ ಹೊಸ ಗೇಟ್‌ವೇ ಕನಿಷ್ಠ 20 ಅಂಕಗಳಷ್ಟು ಉತ್ತಮವಾಗಿದ್ದರಷ್ಟೇ ಬದಲಾಯಿಸುವ ಕ್ರಮವಿದೆ. ಅಲ್ಪ ಲಾಭಕ್ಕಾಗಿ ಹಳೆಯ ಸರಬರಾಜುದಾರರನ್ನು ಬಿಡದ ವರ್ತಕರ ನೀತಿಯೇ ಇದು.

ಇವೆರಡಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ಮೂರನೆಯ ತೊಡಕು. ಗೇಟ್‌ವೇಯ ರೇಡಿಯೋ ಸುಸ್ಥಿತಿಯಲ್ಲಿದ್ದು ಅದರ ಹಿಂದಿನ ಫೈಬರ್ ತುಂಡಾಗಿರುವ ಸ್ಥಿತಿ ಅದು. ನೋಡ್‌ಗಳಿಗೆ ಗೇಟ್‌ವೇ ಎಂದಿನಂತೆ ಗಟ್ಟಿಯಾಗಿ ಕೇಳಿಸುತ್ತಿರುತ್ತದೆ. ಅವು ತಮ್ಮ ಪ್ಯಾಕೆಟ್ಟುಗಳನ್ನು ಅಲ್ಲಿಗೇ ಕಳುಹಿಸುತ್ತವೆ. ಅಲ್ಲಿಂದ ಮುಂದೆ ಅವು ಎಲ್ಲಿಗೂ ಹೋಗುವುದಿಲ್ಲ. ಎರಡನೆಯ ಗೇಟ್‌ವೇ ಇದ್ದೂ ಪ್ರಯೋಜನವಿಲ್ಲದಂತಾಗುತ್ತದೆ. ಆದ್ದರಿಂದ ಗೇಟ್‌ವೇಯು ತಂತಿ ಚುಚ್ಚಿದೆಯೇ ಎಂದಷ್ಟೇ ನೋಡದೆ, ಹೊರಗಿನ ಒಂದು ವಿಳಾಸ ನಿಜವಾಗಿಯೂ ಉತ್ತರಿಸುತ್ತಿದೆಯೇ ಎಂದು ಆಗಾಗ ಪರೀಕ್ಷಿಸಿ, ಉತ್ತರ ಬಾರದಿದ್ದರೆ ತಾನು ಗೇಟ್‌ವೇ ಎಂದು ಸಾರುವುದನ್ನು ನಿಲ್ಲಿಸಬೇಕು. ಈ ಒಂದು ಗುಣವಿಲ್ಲದ ಉಪಕರಣವನ್ನು ಎರಡು ಗೇಟ್‌ವೇಗಳ ಜಾಲಕ್ಕೆ ಕೊಳ್ಳುವುದು ವ್ಯರ್ಥ.

ಆವರಣದಲ್ಲಿ ಆಯ್ಕೆಯ ಕ್ರಮ

ಸಂಶೋಧಕರ ದೃಷ್ಟಿಯಲ್ಲಿ ನೂರಾರು ನೋಡ್‌ಗಳ ನಡುವೆ ಅತ್ಯುತ್ತಮ ಗೇಟ್‌ವೇಗಳನ್ನು ಆರಿಸುವುದು ಗಣಕಗಳನ್ನೂ ದಣಿಸುವ ಕಠಿಣ ಸಮಸ್ಯೆ. ಸಣ್ಣ ಉದ್ದಿಮೆಯೊಂದರ ಏಳೆಂಟು ಸ್ಥಳಗಳಿಗೆ ಅಷ್ಟು ಚಿಂತೆ ಬೇಕಾಗಿಲ್ಲ. ಯಾವ ಯಾವ ಸ್ಥಳಕ್ಕೆ ತಂತಿ ಎಳೆಯಲು ಸಾಧ್ಯ ಎಂದು ಗುರುತಿಸಿ, ಪ್ರತಿಯೊಂದರಿಂದಲೂ ಉಳಿದ ಸ್ಥಳಗಳಿಗೆ ಎಷ್ಟು ಜಿಗಿತ ಎಂದು ಬರೆದು ಕೂಡಿಸಿ, ಕಡಿಮೆ ಮೊತ್ತದ ಸ್ಥಳವನ್ನು ಮೊದಲ ಗೇಟ್‌ವೇ ಆಗಿ ಆರಿಸಬಹುದು. ಅದನ್ನು ಸ್ಥಿರವಾಗಿಟ್ಟು, ಮೊತ್ತವನ್ನು ಅತಿ ಹೆಚ್ಚು ಇಳಿಸುವ ಸ್ಥಳವನ್ನು ಎರಡನೆಯದಾಗಿ ಆರಿಸಬಹುದು. ಈ ವಿಧಾನ ಪ್ರತಿ ಬಾರಿಯೂ ಅತ್ಯುತ್ತಮ ಜೋಡಿಯನ್ನೇ ಕೊಡುವುದಿಲ್ಲ: ಮೇಲಿನ ಐದು ಸ್ಥಳಗಳ ಉದಾಹರಣೆಯಲ್ಲಿಯೇ ನಡುವಿನ ಸ್ಥಳವನ್ನು ಮೊದಲು ಹಿಡಿದರೆ ಎರಡನೆಯದು ಎಲ್ಲಿದ್ದರೂ ಮೊತ್ತ 4ಕ್ಕಿಂತ ಕೆಳಗಿಳಿಯದು, 3 ಸಿಗದು. ಹಾಗಾಗಿ ಮೊದಲೇ ಎರಡು ಗೇಟ್‌ವೇ ಬೇಕೆಂದು ನಿರ್ಧರಿಸಿದವರು ಎಲ್ಲ ಜೋಡಿಗಳನ್ನೂ ಪರಿಶೀಲಿಸುವುದು ಉಚಿತ. ಐದು ಸ್ಥಳಗಳಿಗೆ ಇರುವುದು ಹತ್ತೇ ಜೋಡಿ.

ಅಳತೆಯನ್ನು ಭಾನುವಾರ ಖಾಲಿ ಶೆಡ್ಡಿನಲ್ಲಿ ಮಾಡಬಾರದು. ತೇವವಿರುವ ಧಾನ್ಯದ ಮೂಟೆಗಳು ಮತ್ತು ನೀರಿನ ಟ್ಯಾಂಕುಗಳು ತರಂಗಗಳನ್ನು ಹೀರುತ್ತವೆ. ತಗಡಿನ ಗೋಡೆ, ಮುಚ್ಚಿದ ಶಟರ್, ಲಾರಿಯ ಮೈ ಅವನ್ನು ತಡೆಯುತ್ತವೆ. ಗೋದಾಮು ತುಂಬಿರುವಾಗ, ಕೆಲಸದ ವೇಳೆಯಲ್ಲಿ ಮಾಡಿದ ಅಳತೆಯೇ ನಂಬಲರ್ಹ. ಅತ್ಯಂತ ಎತ್ತರದ ಸ್ಥಳವೇ ಗೇಟ್‌ವೇಗೆ ಶ್ರೇಷ್ಠ ಎಂಬ ನಂಬಿಕೆಯೂ ಅರ್ಧ ಸತ್ಯ. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಎಲ್ಲ ದಿಕ್ಕಿಗೂ ತೆರೆದ ಆಂಟೆನಾ ಇರಿಸಿದರೆ ತಮ್ಮ ನೋಡ್‌ಗಳಷ್ಟೇ ಅಲ್ಲ, ಇಡೀ ಕೈಗಾರಿಕಾ ವಸಾಹತಿನ ವೈಫೈ ಗದ್ದಲವೂ ಅದಕ್ಕೆ ಕೇಳಿಸುತ್ತದೆ. ಆ ಗದ್ದಲ ನಿಲ್ಲುವವರೆಗೆ ಅದು ಬಾಯಿ ತೆರೆಯುವಂತಿಲ್ಲ.

ತಂತಿಯ ವಿಚಾರದಲ್ಲಿ ಜಿಪುಣತನ ಸಲ್ಲದು. ಸಾಮಾನ್ಯ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಸಾಗುತ್ತದೆ. ಅದಕ್ಕೂ ದೂರವಿದ್ದರೆ, ಅಥವಾ ಎರಡು ಕಟ್ಟಡಗಳಿಗೆ ಬೇರೆ ಬೇರೆ ವಿದ್ಯುತ್ ಸಂಪರ್ಕ ಮತ್ತು ಅರ್ಥಿಂಗ್ ಇದ್ದರೆ, ಫೈಬರ್ ಎಳೆಯುವುದೇ ಸುರಕ್ಷಿತ. ಸಿಡಿಲಿನ ಕಾಲದಲ್ಲಿ ತಾಮ್ರದ ತಂತಿ ಒಂದು ಕಟ್ಟಡದ ಆಪತ್ತನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಅಂಗಡಿಗಳಲ್ಲಿ ದೊರೆಯುವ ಮೆಶ್ ಪೆಟ್ಟಿಗೆಗಳಲ್ಲಿ ಬಹುತೇಕವು ಹಿಂಬದಿಯ ಜಾಕ್‌ಗೆ ತಂತಿ ಚುಚ್ಚಿದರೆ ಸಾಗಣೆಗೆ ಗಾಳಿಯನ್ನು ಬಿಟ್ಟು ತಂತಿಯನ್ನೇ ಬಳಸುತ್ತವೆ. ಹೀಗೆ ಹೊಸ ಪೆಟ್ಟಿಗೆಯ ಖರ್ಚಿಲ್ಲದೆ ಇರುವ ನೋಡನ್ನೇ ಆವರಣದೊಳಗಿನ ಎರಡನೆಯ ಗೇಟ್‌ವೇಯಾಗಿ ಮಾರ್ಪಡಿಸಬಹುದಾಗಿದೆ. ಆದರೆ ಇದರಿಂದ ಗಾಳಿಯ ಇಕ್ಕಟ್ಟು ಮಾತ್ರ ನಿವಾರಣೆಯಾಗುತ್ತದೆ. ಎರಡೂ ಒಂದೇ ಹೊರಸಂಪರ್ಕವನ್ನು ಅವಲಂಬಿಸಿರುವುದರಿಂದ ಅದು ಕಡಿದಾಗ ಎರಡೂ ನಿಲ್ಲುತ್ತವೆ. ಆ ಭಯ ನೀಗಬೇಕಾದರೆ ಎರಡನೆಯದಕ್ಕೆ ಬೇರೆ ಕಂಪನಿಯ, ಬೇರೆ ದಾರಿಯಲ್ಲಿ ಬರುವ ಸಂಪರ್ಕ ಬೇಕು. ಎರಡು ಕಂಪನಿಗಳ ಫೈಬರೂ ಒಂದೇ ವಿದ್ಯುತ್ ಕಂಬದ ಮೇಲೆ ಹಾದುಬಂದಿದ್ದರೆ ಮರದ ಕೊಂಬೆಯೊಂದು ಬಿದ್ದಾಗ ಎರಡೂ ಒಟ್ಟಿಗೆ ತುಂಡಾಗುತ್ತವೆ. ಅಂತಹ ಕಡೆ ಎರಡನೆಯದಾಗಿ ಮೊಬೈಲ್ ಸಿಮ್ ಬಳಸುವ ರೂಟರ್ ಇಡುವುದು ಮೇಲು. ಬಿಲ್ ಪಡೆಯುವ ಕೆಲಸಕ್ಕೆ ಅದರ ವೇಗ ಧಾರಾಳ.

ವಿದ್ಯುತ್ತಿನ ಬಗ್ಗೆಯೂ ಒಂದು ಮಾತು. ಗೇಟ್‌ವೇಗೆ ಮಾತ್ರ ಯುಪಿಎಸ್ ಕೊಟ್ಟು, ಫೈಬರ್ ಕಂಪನಿಯ ಪೆಟ್ಟಿಗೆಯನ್ನು ಪಕ್ಕದ ಸಾಮಾನ್ಯ ಪ್ಲಗ್ಗಿಗೆ ಚುಚ್ಚಿರುವ ದೃಶ್ಯ ಅಪರೂಪವಲ್ಲ. ಫೈಬರ್ ಪೆಟ್ಟಿಗೆ, ಗೇಟ್‌ವೇ, ನಡುವೆ ಸ್ವಿಚ್ ಇದ್ದರೆ ಅದು, ಹಾಗೂ ವೇಬ್ರಿಡ್ಜ್‌ವರೆಗಿನ ದಾರಿಯಲ್ಲಿ ಬರುವ ಪ್ರತಿಯೊಂದು ನೋಡ್ ಬ್ಯಾಟರಿಯ ಆಸರೆಯಲ್ಲಿರಬೇಕು. ಇವುಗಳ ವಿದ್ಯುತ್ ಬಳಕೆ ಅಲ್ಪವಾದುದರಿಂದ ಸಣ್ಣ ಯುಪಿಎಸ್ ಸಾಕಾಗುತ್ತದೆ.

ಗುತ್ತಿಗೆದಾರರಿಗೆ ಕೆಲಸ ಒಪ್ಪಿಸುವಾಗ ಪೆಟ್ಟಿಗೆಗಳ ಸಂಖ್ಯೆಯನ್ನು ಬರೆಸಿಕೊಳ್ಳುವ ಬದಲು ಕೊನೆಯ ನೋಡ್‌ನಲ್ಲಿ ಕೆಲಸದ ವೇಳೆ ಸಿಗಬೇಕಾದ ಕನಿಷ್ಠ ವೇಗವನ್ನು ಬರೆಸಿಕೊಳ್ಳುವುದು ಯೋಗ್ಯ. ಹಣದ ಅಂತಿಮ ಕಂತನ್ನು ಕೊಡುವ ಮುನ್ನ ಎರಡು ಪರೀಕ್ಷೆಗಳನ್ನು ಎದುರಿಗೇ ಮಾಡಿಸಬೇಕು. ಮೊದಲನೆಯದು, ಉಳಿದ ನೋಡ್‌ಗಳಲ್ಲಿ ಎಂದಿನ ಬಳಕೆ ನಡೆಯುತ್ತಿರುವಾಗಲೇ ವೇಬ್ರಿಡ್ಜ್‌ನಲ್ಲಿ ವೇಗ ಅಳೆಯುವುದು. ಎರಡನೆಯದು, ಮೊದಲ ಗೇಟ್‌ವೇಯ ವಿದ್ಯುತ್ತನ್ನು ಹಾಗೆಯೇ ಬಿಟ್ಟು ಅದರ ಹಿಂದಿನ ಫೈಬರನ್ನು ಮಾತ್ರ ಕಿತ್ತು, ಎಷ್ಟು ನಿಮಿಷಗಳಲ್ಲಿ ಇ-ವೇ ಬಿಲ್ ಮತ್ತೆ ಹೊರಬರುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು.